ಚರ್ಮ ಓದುತ್ತಿದ್ದ ಗಣಿತ ಮೇಡಂ

ಹೋದ ವಾರ ಹನುಮಂತನಗರದಲ್ಲಿ ತರಕಾರಿ ಕೊಳ್ಳುತ್ತಿದ್ದಾಗ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿಕ್ಕಳು. ಅವಳಿಗೇ ಈಗ ಮೊಮ್ಮಕ್ಕಳಿದ್ದಾರೆ. ಆದರೂ ನನ್ನನ್ನು ಕಂಡರೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಲ್ಲುತ್ತಾಳೆ. "ಮಿಸ್, ನಮ್ ಗಣಿತ ಮೇಡಂ ಹೋಗ್ಬಿಟ್ರಂತೆ. ನಿಮಗೆ ಹೇಳಿ ಕಳಿಸಿದ್ರಾ?" ಎಂದಳು. ಯಾರೂ ಹೇಳಿ ಕಳಿಸಿರಲಿಲ್ಲ. ಹುರುಳಿಕಾಯಿಯನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ. ಯಾರಾದರೂ ತೀರಿಹೋದರೆ ಮೊದಲು ಮುಖ ನೆನಪಾಗಬೇಕು. ನನಗೆ ನೆನಪಾದದ್ದು ಅವರ ಬಲಗೈ ಹೆಬ್ಬೆರಳು. ಸ್ವಲ್ಪ ನಾಚಿಕೆಯೇ ಆಯಿತು, ಆದರೆ ಅವರನ್ನು ಬಲ್ಲವರು ಯಾರೂ ನನ್ನನ್ನು ಬೈಯಲಾರರು.

ಅರವತ್ತರ ದಶಕದ ಆರಂಭದ ಮಾತು. ಜಯನಗರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿಗೆ ನಾನು ಕನ್ನಡ ಹೇಳಿಕೊಡಲು ಸೇರಿದೆ. ಆಗಿನ ಜಯನಗರವೆಂದರೆ ಅಲ್ಲೊಂದು ಇಲ್ಲೊಂದು ಮನೆ, ಮಧ್ಯೆ ಕಲ್ಲು ನೆಟ್ಟ ಖಾಲಿ ಸೈಟುಗಳು, ಸೈಟಿನಲ್ಲಿ ಯಾರದೋ ಎಮ್ಮೆ. ನಮ್ಮ ಸ್ಟಾಫ್ ರೂಮಿನಲ್ಲಿ ಒಂದು ಮೇಜು, ಆರು ಕುರ್ಚಿ. ಅದರಲ್ಲಿ ಒಂದು ಕುಂಟು ಕುರ್ಚಿ. ಹೊಸಬರಿಗೆ ಅದು ಮೀಸಲು. ಮೊದಲ ದಿನ ನಾನು ಅದರ ಮೇಲೆ ಕೂತು ಓಲಾಡುತ್ತಿದ್ದಾಗ ಎದುರಿನಿಂದ ಒಂದು ದನಿ ಬಂತು: "ಎಡಗಡೆಗೆ ವಾಲ್ಕೊಂಡು ಕೂತ್ಕೊಳ್ರೀ, ಕನ್ನಡ. ಮೂರು ಕಾಲಿನ ಮೇಲೆ ಯಾವುದ್ ಬೇಕಾದ್ರೂ ನಿಲ್ಲುತ್ತೆ, ನಾಕನೇದೇ ತರಲೆ."

ಅವರೇ ಗಣಿತ ಮೇಡಂ. ಅವರು ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ನಾನು ಕನ್ನಡ, ಇನ್ನೊಬ್ಬರು ಸೈನ್ಸು, ಮತ್ತೊಬ್ಬರು ಡ್ರಾಯಿಂಗು. "ಸೈನ್ಸಿಗೆ ಇವತ್ತು ನೆಗಡಿ," "ಡ್ರಾಯಿಂಗಿಗೆ ಗಂಡು ಗೊತ್ತಾಯ್ತಂತೆ" ಎಂದು ಅವರು ಹೇಳುವುದನ್ನು ಕೇಳಿದರೆ ಹೊರಗಿನವರು ಕಂಗಾಲಾಗುತ್ತಿದ್ದರು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಎತ್ತರದ, ಕಪ್ಪನೆಯ, ಒಣಕಲು ಮೈ. ಕೈಮಗ್ಗದ ಸೀರೆಯನ್ನು ಕಾಲ್ಗಂಟಿನಿಂದ ಮೇಲಕ್ಕೇ ಉಡುತ್ತಿದ್ದರು, ಯಾವಾಗ ಬೇಕಾದರೂ ಗದ್ದೆಗೆ ಇಳಿಯುವವರ ಹಾಗೆ. ಅದು ಬರಿಯ ಹೋಲಿಕೆಯೇನಲ್ಲ. ಯಡಿಯೂರು ಕೆರೆಯ ಆಚೆ ಬದಿಯಲ್ಲಿ, ಬಡಾವಣೆಯ ಹೊಟ್ಟೆಯೊಳಗೆ ಸಿಕ್ಕಿಕೊಂಡ ಒಂದು ಹಳ್ಳಿ ಅವರದು. ಆ ಹಳ್ಳಿಯಿಂದ ಕಾಲೇಜಿಗೆ ಹೋದ ಮೊದಲ ಹೆಣ್ಣುಮಗಳು ಅವರು. ಮಧ್ಯಾಹ್ನ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ. ನಮ್ಮ ಚಿತ್ರಾನ್ನವನ್ನು ಅವರು ಕರುಣೆಯಿಂದ ನೋಡುತ್ತಿದ್ದರು.

ಹುಡುಗಿಯರು ಅವರಿಗೆ ಹೆದರುತ್ತಿದ್ದರು, ಆದರೆ ಅವರ ಕ್ಲಾಸಿಗೆ ಓಡಿ ಹೋಗುತ್ತಿದ್ದರು. ಲೆಕ್ಕ ಬಾರದೆ ಅತ್ತ ಹುಡುಗಿಗೆ ಅವರು ಹೇಳುತ್ತಿದ್ದುದು ಒಂದೇ ಮಾತು: "ಅಳಬೇಡ. ಆ ಲೆಕ್ಕಕ್ಕೆ ನಿನ್ನ ಪರಿಚಯ ಇಲ್ಲ, ಅಷ್ಟೇ. ಇನ್ನೊಂದ್ಸಲ ಹೋಗಿ ಮಾತಾಡಿಸು." ನನಗೆ ಇಂಥ ಮೇಡಂ ಸಿಕ್ಕಿದ್ದರೆ ನಾನು ಕನ್ನಡ ತೆಗೆದುಕೊಳ್ಳುತ್ತಿರಲಿಲ್ಲವೇನೋ. ಕನ್ನಡದ ಪುಣ್ಯ.

ಇನ್ನು ಹೆಬ್ಬೆರಳಿನ ವಿಷಯ. ಕೆಲಸಕ್ಕೆ ಹೋಗುವ ಹೆಂಗಸರ ಕೈಗೆ ಚರ್ಮದ ಹ್ಯಾಂಡ್‌ಬ್ಯಾಗು ಬರುತ್ತಿದ್ದ ಕಾಲ ಅದು. ಅಲ್ಲಿಯವರೆಗೆ ಬಟ್ಟೆಯ ಕೈಚೀಲ, ಬೆತ್ತದ ಬುಟ್ಟಿ. ಹ್ಯಾಂಡ್‌ಬ್ಯಾಗು ಬಂತೆಂದರೆ ಆಕೆ ಯಾರೋ ಆದಳು ಎಂದು ಅರ್ಥ. ಸ್ಟಾಫ್ ರೂಮಿಗೆ ಯಾವ ಹೊಸ ಬ್ಯಾಗು ಬಂದರೂ ಮೊದಲು ಗಣಿತ ಮೇಡಂ ಮುಂದೆ ಹಾಜರಾಗಬೇಕು. ಅವರು ಕನ್ನಡಕ ತೆಗೆದಿಟ್ಟು, ಕಣ್ಣು ಅರ್ಧ ಮುಚ್ಚಿ, ಚರ್ಮದ ಮೇಲೆ ಹೆಬ್ಬೆರಳನ್ನು ನಿಧಾನವಾಗಿ ಎಳೆದು ತೀರ್ಪು ಹೇಳುತ್ತಿದ್ದರು. ತೀರ್ಪು ಬ್ಯಾಗಿನದಲ್ಲ, ದನದ್ದು. "ಇದು ಗಾಡಿ ಎಳೆದ ಎತ್ತು. ಹೆಗಲ ಹತ್ರ ಒರಟಾಗಿದೆ ನೋಡಿ." "ಇದು ಜಗಳಗಂಟಿ ಹಸು. ಬೇರೆಯವರ ಕೊಂಬಿನ ಗುರುತು." ಕೊಟ್ಟಿಗೆಯಲ್ಲಿ ಬೆಳೆದವರಿಗೆ ದನದ ಮೈಯೆಂದರೆ ನಮಗೆ ಪುಸ್ತಕ ಇದ್ದ ಹಾಗೆ.

ಒಂದು ವರ್ಷ ಇನ್‌ಸ್ಪೆಕ್ಷನ್ನಿಗೆ ಬಂದ ಅಧಿಕಾರಿಗಳು ತಮ್ಮ ಹೊಸ ಚರ್ಮದ ಬ್ಯಾಗನ್ನು ಮೇಜಿನ ಮೇಲಿಟ್ಟು ಕಾಫಿ ಕುಡಿಯುತ್ತಿದ್ದರು. ಹೆಡ್ ಮೇಡಂ ಕಣ್ಣಲ್ಲೇ ಬೇಡ ಬೇಡ ಎನ್ನುತ್ತಿರುವಾಗಲೇ ಹೆಬ್ಬೆರಳು ಹೋಗಿಬಿಟ್ಟಿತು. "ಸಾರ್, ಮೈ ತುಂಬಾ ಉಣ್ಣಿ ಇತ್ತು," ಎಂದರು ಗಣಿತ ಮೇಡಂ. ಅಧಿಕಾರಿಗಳು ಲೋಟ ಕೆಳಗಿಟ್ಟು ತಮ್ಮ ತೋಳು ನೋಡಿಕೊಂಡರು. "ನಿಮಗಲ್ಲ ಸಾರ್, ಈ ಹಸೂಗೆ." ಆ ವರ್ಷದ ವರದಿಯಲ್ಲಿ ನಮ್ಮ ಶಾಲೆಯ ಗಣಿತ ವಿಭಾಗಕ್ಕೆ ಹೊಗಳಿಕೆ ಸ್ವಲ್ಪ ಕಡಿಮೆಯೇ ಇತ್ತು.

ಬ್ಯಾಗಿನ ಚರ್ಮದಲ್ಲಿ ಆಗ ಎರಡು ಪಂಗಡ. ಹದ ಮಾಡಿದ ಚರ್ಮವನ್ನು ಉಜ್ಜಿ ಹೊಳಪು ಕೊಟ್ಟರೆ ಅದು ನುಣುಪು. ಅದನ್ನೇ ಒದ್ದೆ ಮಾಡಿ, ಮಡಚಿ, ಹಲಗೆಯ ಕೆಳಗೆ ಹಿಂದೆ ಮುಂದೆ ಉರುಳಿಸಿದರೆ ಮೇಲೆಲ್ಲ ರವೆ ಚೆಲ್ಲಿದಂತೆ ಸಣ್ಣ ಕಾಳು ಏಳುತ್ತದೆ, ಅದು ತರಿತರಿ. ಡ್ರಾಯಿಂಗು ತರಿತರಿಯ ಕಡೆ: ಗೀರು ಬಿದ್ದರೂ ಕಾಣುವುದಿಲ್ಲ, ನೋಡಲೂ ಸ್ಟೈಲು. ಗಣಿತ ಮೇಡಂ ಮಾತ್ರ ನುಣುಪಿನ ಪರ, ಅದೂ ಕಡುಪಕ್ಷ. "ನುಣುಪು ಎಲ್ಲಾ ಹೇಳುತ್ತೆ ಕಣ್ರೀ. ತರಿತರಿ ಅಂದ್ರೆ ನಿಮ್ಮ ಹುಡುಗೀರ ನೋಟ್‌ಬುಕ್ಕು ಇದ್ದಂಗೆ. ಮೇಲೆ ಚೆಂದದ ಬೈಂಡು, ಒಳಗೇನ್ ನಡೆದಿದೆಯೋ ದೇವರೇ ಬಲ್ಲ." ಇಷ್ಟು ಹೇಳುವವರ ಕೈಯಲ್ಲಿ ಮಾತ್ರ ಹಳೆಯ ಬಟ್ಟೆಚೀಲ. ಯಾಕೆಂದು ಕೇಳಿದರೆ "ನನಗಿನ್ನೂ ಒಪ್ಪಿಗೆಯಾದದ್ದು ಸಿಕ್ಕಿಲ್ಲ" ಎಂದು ಮಾತು ಮುಗಿಸುತ್ತಿದ್ದರು.

ನನ್ನ ಮೊದಲ ಹ್ಯಾಂಡ್‌ಬ್ಯಾಗನ್ನು ಆರಿಸಲು ಅವರನ್ನೇ ಕರೆದುಕೊಂಡು ಹೋದೆ. ಅಥವಾ ಅವರು ನನ್ನನ್ನು ಎಳೆದುಕೊಂಡು ಹೋದರು. ಹನುಮಂತನಗರದ ಗುಡ್ಡದ ಕೆಳಗಿನ ಒಂದು ಓಣಿಯಲ್ಲಿ ಬ್ಯಾಗು ಮಾಡುವವನೊಬ್ಬನಿದ್ದ. ಒಂದೇ ಕೋಣೆ, ಮಧ್ಯೆ ಚರ್ಮ ಕೊಯ್ಯುವ ಚಪ್ಪಡಿಕಲ್ಲು, ಗೋಡೆಗೆ ಉಳಿ, ದಬ್ಬಳ. ಮೇಡಂ ಅವರನ್ನು ಕಂಡೊಡನೆ ಎದ್ದು ನಿಂತ. "ಬನ್ನಿ ಅಕ್ಕಾವ್ರೇ, ಹೊಸ ಮಾಲು ಬಂದದೆ," ಎಂದು ನಾಲ್ಕು ಹದ ಮಾಡಿದ ಚರ್ಮಗಳನ್ನು ಕಲ್ಲಿನ ಮೇಲೆ ಹಾಸಿದ.

ಮೇಡಂ ಒಂದೊಂದನ್ನೂ ಬಿಡಿಸಿದರು. ಬೆನ್ನು ನೋಡಿದರು, ಹೆಗಲು ನೋಡಿದರು. ಕೊನೆಗೆ ಎಡಗಡೆಯ ಪಕ್ಕೆಯ ಭಾಗವನ್ನು ಬೆಳಕಿಗೆ ಹಿಡಿದು ಹೆಬ್ಬೆರಳು ಎಳೆದು, ತಮ್ಮಷ್ಟಕ್ಕೇ "ಅಲ್ಲ" ಎಂದರು. ಎರಡನೆಯದಕ್ಕೂ "ಅಲ್ಲ." ನಾಲ್ಕಕ್ಕೂ ಅದೇ. ಆಮೇಲೆ ಮುಖ ಅರಳಿತು. ಎರಡನೆಯದನ್ನು ತಟ್ಟಿ, "ಇದು ನಿಮಗೆ. ಒಳ್ಳೆ ಮನೆ ಹಸು. ಕೆರೆ ಪಕ್ಕದಲ್ಲಿ ಬೆಳೆದದ್ದು," ಎಂದರು.

"ಕೆರೆ ಪಕ್ಕ ಅಂತ ಚರ್ಮದ ಮೇಲೆ ಬರೆದಿರುತ್ತಾ ಮೇಡಂ?"

"ಬರೆದಿದೆಯಲ್ಲ. ಒಂದೂ ಮುಳ್ಳು ಗೀರಿಲ್ಲ. ಹುಲ್ಲಿಗೋಸ್ಕರ ಬೇಲಿ ನುಗ್ಗೋ ಕಷ್ಟ ಬರ್ಲಿಲ್ಲ ಅದಕ್ಕೆ."

ವಾಪಸ್ಸು ನಡೆದು ಬರುವಾಗ ನಾನು ಕೇಳಿಯೇಬಿಟ್ಟೆ. ಯಾವುದು ಅಲ್ಲ? ಪ್ರತಿಯೊಂದಕ್ಕೂ ಅಲ್ಲ ಅಲ್ಲ ಎಂದಿರಲ್ಲ? ಅವರು ನಡೆಯುತ್ತಲೇ ಹೇಳಿದರು.

ಅವರ ಮನೆಯಲ್ಲಿ ಕೆಂಪಿ ಎಂಬ ಹಸುವಿತ್ತು. "ನಾನು ಬಿ.ಎಸ್ಸಿ. ಓದಿದ್ದೇ ಕೆಂಪಿ ಹಾಲಿನಲ್ಲಿ ಕಣ್ರೀ. ಬೆಳಗ್ಗೆ ಬಸವನಗುಡಿ ಮನೆಗಳಿಗೆ ಹಾಲು ಹಾಕಿ, ಖಾಲಿ ಕ್ಯಾನು ಕಾಲೇಜ್ ಗೇಟಿನ ಹತ್ರ ಇಟ್ಟು ಕ್ಲಾಸಿಗೆ ಹೋಗ್ತಿದ್ದೆ." ಹೊಲ ಬಡಾವಣೆಗೆ ಹೋಯಿತು. ಸೈಟು ಅಳೆದು ಸುತ್ತ ಮುಳ್ಳುತಂತಿ ಬಿಗಿದರು. ಮನುಷ್ಯರಿಗೆ ಕಾಗದ ತೋರಿಸಿ ಹೊಲ ಹೋಯಿತೆಂದು ಹೇಳಬಹುದು, ಕೆಂಪಿಗೆ ಯಾರು ಹೇಳಬೇಕು? ಅದು ದಿನವೂ ಮೇಯುತ್ತಿದ್ದ ಜಾಗಕ್ಕೇ ಹೋಯಿತು, ತಂತಿಗೆ ನುಗ್ಗಿತು, ಎಡ ಪಕ್ಕೆ ಸೀಳಿಕೊಂಡಿತು. ಅರಿಸಿನ ಎಣ್ಣೆ ಮೆತ್ತಿ ವಾಸಿ ಮಾಡಿದರು. ಗಾಯ ಮಾಯಿತು, ಗುರುತು ಉಳಿಯಿತು. ಒಂದು ಗಿಡ್ಡ ಕೊಕ್ಕೆ, ಅದರ ತಲೆಯಿಂದ ಹಿಂದಕ್ಕೆ ಉದ್ದನೆಯ ಗೆರೆ.

"ವರ್ಗಮೂಲದ ಚಿಹ್ನೆ ಕಣ್ರೀ. ಥೇಟ್ ಅದೇ. ನಾನು ಬೋರ್ಡಿನ ಮೇಲೆ ಬರೆದಂಗಿತ್ತು."

ಅವರು ಟೀಚರ್ ಟ್ರೈನಿಂಗಿಗೆಂದು ಮೈಸೂರಿಗೆ ಹೋದ ವರ್ಷ, ಮೇವಿಲ್ಲವೆಂದು ಅವರ ಅಣ್ಣ ಕೆಂಪಿಯನ್ನು ದಲ್ಲಾಳಿಗೆ ಕೊಟ್ಟುಬಿಟ್ಟ. ಕನಕಪುರದ ಕಡೆಯ ರೈತನಿಗೆ ಮಾರುತ್ತೇನೆಂದು ದಲ್ಲಾಳಿ ಹೇಳಿದ್ದನಂತೆ. ಮೇಡಂ ರಜೆಗೆ ಬಂದಾಗ ಕೊಟ್ಟಿಗೆ ಖಾಲಿ. ದಲ್ಲಾಳಿ ಹೇಳಿದ್ದು ನಿಜವಾದರೆ ಕೆಂಪಿ ಎಲ್ಲೋ ಮೇಯುತ್ತಿದೆ. ಸುಳ್ಳಾದರೆ ಎಂದೋ ಬ್ಯಾಗಾಗಿದೆ. ಇದೊಂದು ಗೊತ್ತಾಗಬೇಕು ಅವರಿಗೆ. ಅಂದಿನಿಂದ ಎಲ್ಲಿ ನುಣುಪು ಚರ್ಮ ಕಂಡರೂ ಎಡ ಪಕ್ಕೆ ಹುಡುಕುತ್ತಾರೆ. ಗುರುತು ಸಿಗದಿದ್ದರೆ ಆ ದಿನಕ್ಕೆ ಕೆಂಪಿ ಬದುಕಿದೆ.

"ಕನಕಪುರದ ಕಡೆ ಹೋಗಿ ಹುಡುಕಬಾರದಾಗಿತ್ತಾ ಮೇಡಂ?"

"ಹೋಗಿದ್ದೆ. ಎಷ್ಟು ಕೊಟ್ಟಿಗೆ ಅಂತ ಇಣುಕೋದು? ಒಬ್ಬಳು ಅಜ್ಜಿ ದನದ ಕಳ್ಳಿ ಅಂತ ನಾಯಿ ಛೂ ಬಿಟ್ಲು."

ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ನಕ್ಕ ಸಲುಗೆಯಲ್ಲಿ ನಾನು, "ಊರಲ್ಲಿರೋ ಬ್ಯಾಗೆಲ್ಲಾ ನೋಡಿದ್ರೂ, ಸಿಗಲಿಲ್ಲ ಅಂದ್ರೆ ಬದುಕಿದೆ ಅಂತಾಗುತ್ತಾ? ಇದ್ಯಾವ ಸೀಮೆ ಲೆಕ್ಕ ಮೇಡಂ?" ಎಂದೆ.

"ತಪ್ಪು ಲೆಕ್ಕ. ನಂಗೊತ್ತಿಲ್ವಾ? ಹುಡುಗೀರು ಹೀಗೆ ಬರೆದಿದ್ರೆ ಸೊನ್ನೆ ಕೊಡ್ತಿದ್ದೆ," ಎಂದರು. "ಆದ್ರೆ ನನ್ನ ಪೇಪರ್ ತಿದ್ದೋರು ಯಾರಿದ್ದಾರೆ ಹೇಳಿ?"

ತರಿತರಿ ಚರ್ಮದ ಮೇಲೆ ಅವರಿಗೆ ಅಷ್ಟು ಸಿಟ್ಟೇಕೆಂದು ಆಗ ಅರ್ಥವಾಯಿತು. ಅದರ ಮೇಲೆ ಏನೂ ಓದಲಾಗುವುದಿಲ್ಲ.

ನನ್ನ ನುಣುಪು ಬ್ಯಾಗು ಬಂತು. ಅದರ ಆಯುಸ್ಸು ಇಪ್ಪತ್ತು ದಿನ. ನಮ್ಮದು ತುಮಕೂರು ಕಡೆಯಿಂದ ಬಂದು ಜಯನಗರದಲ್ಲಿ ಮನೆ ಕಟ್ಟಿದ ಶೈವರ ಮನೆತನ. ಅಪ್ಪನಿಗೆ ಬಟ್ಟೆ ವ್ಯಾಪಾರ, ಅಮ್ಮನಿಗೆ ಶಿವಪೂಜೆ. ಚರ್ಮದ ಬ್ಯಾಗು ಒಳಗೆ ಬರಕೂಡದು ಎಂದರು ಅಮ್ಮ. ಹೊರಗೆ ಚಪ್ಪಲಿಯ ಪಕ್ಕ ಇಟ್ಟರೆ ನಾಯಿ ಒಯ್ಯುತ್ತದೆ ಎಂದೆ ನಾನು. ಎರಡು ದಿನ ವಾದ ನಡೆದು ಒಪ್ಪಂದವಾಯಿತು: ಬ್ಯಾಗು ನಡುಮನೆಯ ಮೊಳೆಗೆ ಬರಬಹುದು, ಆದರೆ ಪ್ರತಿ ಸಂಜೆ ಬಾಗಿಲಲ್ಲಿ ಅಮ್ಮ ಅದಕ್ಕೆ ನೀರು ಚಿಮುಕಿಸಿ ಶುದ್ಧ ಮಾಡುತ್ತಾರೆ. ಅಮ್ಮನ ಚಿಮುಕಿಸುವಿಕೆಯಲ್ಲಿ ಜಿಪುಣತನವಿರಲಿಲ್ಲ. ನುಣುಪು ಚರ್ಮದ ಮೇಲೆ ಒಂದೊಂದು ಹನಿಗೂ ಒಂದೊಂದು ಕಲೆ ಎದ್ದು, ಮೂರು ವಾರದಲ್ಲಿ ಬ್ಯಾಗಿಗೆ ಸಿಡುಬು ಬಂದಂತಾಯಿತು. ಹೆಡ್ ಮೇಡಂ ಅದನ್ನು ಕಂಡು ಕುರ್ಚಿಯನ್ನು ಒಂದಿಷ್ಟು ದೂರ ಸರಿಸಿಕೊಂಡರು.

ಒಂದು ಶನಿವಾರ ಮಧ್ಯಾಹ್ನ ನಾನೊಬ್ಬಳೇ ಬ್ಯಾಗಿನವನ ಹತ್ತಿರ ಹೋದೆ. ಅವನು ನೋಡಿ, "ಯಾರ್ ತಾಯಿ ಇದಕ್ಕೆ ಅಭಿಷೇಕ ಮಾಡಿದ್ದು?" ಎಂದ. ಹೇಳಿದೆ. ಅವನು ತಲೆ ಚಚ್ಚಿಕೊಂಡ. "ಮನೇಲಿ ಯಾರ್ಯಾರವ್ರೆ ಅಂತ ಮೊದಲೇ ಕೇಳ್ಬೇಕಿತ್ತು ನಾನು. ಪೂಜೆ ಮನೆಗೆ ನುಣುಪು ಕೊಡ್ತಾರಾ? ತರಿತರಿ ಕೊಡ್ತೀನಿ ಇರಿ. ಅದಕ್ಕೆ ಎಷ್ಟು ನೀರು ಹುಯ್ದ್ರೂ ಕಲೆ ಕಾಣಕ್ಕಿಲ್ಲ."

ಕೋಣೆಯ ಮೂಲೆಯಲ್ಲಿ ಗೋಣಿತಾಟು ಮುಚ್ಚಿದ ಒಂದು ರಾಶಿಯಿತ್ತು. ಅದರೊಳಗಿಂದ ಒಂದು ಚರ್ಮ ಎಳೆದು ಕಲ್ಲಿನ ಮೇಲೆ ಹಾಸಿ ನೀರು ಸವರತೊಡಗಿದ. ನಾನು ನೋಡಿದೆ. ಎಡ ಪಕ್ಕೆಯ ಮೇಲೆ ಒಂದು ಗಿಡ್ಡ ಕೊಕ್ಕೆ, ಅದರ ತಲೆಯಿಂದ ಹಿಂದಕ್ಕೆ ಉದ್ದನೆಯ ಬಿಳಿಚು ಗೆರೆ. ಲೆಕ್ಕದಲ್ಲಿ ನಾನು ದಡ್ಡಿಯಿರಬಹುದು, ವರ್ಗಮೂಲದ ಚಿಹ್ನೆ ಗುರುತಿಸದಷ್ಟಲ್ಲ. "ಅಯ್ಯೋ! ಇದು ಮೇಡಂ ಅವರ ಕೆಂಪಿ!"

ಅವನು ತಲೆಯೆತ್ತಲಿಲ್ಲ. ಎದ್ದು ಹೋಗಿ ರಾಶಿಯಿಂದ ಇನ್ನೊಂದು ಚರ್ಮ ತಂದ. ಅದರ ಮೇಲೂ ಅಂಥದೇ ಗೆರೆ, ಕೊಂಚ ಕೆಳಗೆ. ಇನ್ನೊಂದು ತಂದ. ಅದರ ಮೇಲೆ ಎರಡು.

"ಎಷ್ಟು ಕೆಂಪಿ ಬೇಕು ತಾಯಿ?" ಎಂದ. "ಈ ಸುತ್ತಿನ ಹಳ್ಳಿ ದನದ ಮೈಮೇಲೆಲ್ಲ ಇದೇ ಗುರುತು. ಒಂದೇ ಥರದ ತಂತಿ, ಒಂದೇ ಎತ್ತರಕ್ಕೆ ಬಿಗಿದವ್ರೆ. ದನ ತಲೆ ತಗ್ಗಿಸಿ ನುಗ್ತದೆ, ಮುಳ್ಳು ಸಿಗಾಕ್ಕೊಳ್ತದೆ, ಮುಂದಕ್ಕೆ ಎಳೀತದೆ. ಎಲ್ಲದಕ್ಕೂ ಹಿಂಗೇ ಹರೀತದೆ. ಅಕ್ಕಾವ್ರು ಮೊದಲನೇ ದಿನ ಬಂದು ಈ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಬರೆದು ತೋರ್ಸಿದ್ರು. ಆವತ್ತೇ ನನ್ನ ಹತ್ರ ಅಂಥವು ಮೂರಿದ್ವು. ಹೆಂಗ್ ತೋರ್ಸಲಿ ಹೇಳಿ? ಅವತ್ತಿಂದ ಗುರುತಿರೋದನ್ನೆಲ್ಲ ಈ ತಾಟಿನ ಕೆಳಗೆ ಹಾಕ್ತೀನಿ. ಆಮೇಲೆ ಮಡಚಿ ಉರುಳ್ಸಿ ತರಿ ಎಬ್ಬಿಸ್ಬಿಟ್ರೆ ಗೆರೆ ಅದರೊಳಗೆ ಮುಳುಗೋಗ್ತದೆ."

ಅವನ ಅಂಗಡಿಯಲ್ಲಿ ತರಿತರಿ ಬ್ಯಾಗುಗಳೇ ಯಾಕೆ ಜಾಸ್ತಿ ಎಂದು ನನಗೆ ಆಗ ತಿಳಿಯಿತು. ಫ್ಯಾಷನ್ನು ಎಂದುಕೊಂಡು ಜಯನಗರದ ಅರ್ಧ ಹೆಂಗಸರು ಅದನ್ನೇ ತೋಳಿಗೆ ಹಾಕಿಕೊಂಡು ಓಡಾಡುತ್ತಿದ್ದರು.

"ಹೇಳ್ಬೇಡಿ ತಾಯಿ," ಎಂದ. "ಅಲ್ಲ ಅಂದ ದಿನ ಅವರ ಮುಖ ನೋಡಿದೀರಲ್ಲ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಕೊಟ್ಟವಳು ಯಾರು? ಅಕ್ಕನ ಮದುವೆಯ ಸೀರೆಯ ಬಣ್ಣವನ್ನು ಸೀರೆ ಬರುವ ಮೊದಲೇ ಊರಿಗೆಲ್ಲ ಹೇಳಿದವಳು. ಗುಟ್ಟು ನನ್ನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಅದಕ್ಕೆ ಅಲ್ಲಿ ಜಾಗವೇ ಇಲ್ಲ. ಸ್ಟಾಫ್ ರೂಮಿನಲ್ಲಿ ಮೇಡಂ ನನ್ನ ಕಡೆ ನೋಡಿದರೆ ನಾನು ಕಿಟಕಿ ನೋಡುತ್ತಿದ್ದೆ. ಅವರು ಎಂಟನೇ ಕ್ಲಾಸಿಗೆ ವರ್ಗಮೂಲ ಶುರು ಮಾಡಿದ ವಾರ ನಾನು ಆ ಕೋಣೆಯ ಮುಂದೆ ಹಾಯುವುದನ್ನೇ ಬಿಟ್ಟೆ. ಪ್ರತಿ ಸಲ ಆ ಉದ್ದ ಗೆರೆಯನ್ನು ಎಳೆದ ಮೇಲೆ ಅವರು ಅದರ ಮೇಲೊಮ್ಮೆ ಹೆಬ್ಬೆರಳು ಎಳೆಯುತ್ತಾರೆ ಎಂದು ಹುಡುಗಿಯರು ಹೇಳಿದ್ದು ನೆನಪಿತ್ತು.

ಹೊಸ ಬ್ಯಾಗು ತಯಾರಾಗಿ ಬಂದ ದಿನ ಅದನ್ನು ಸೀರೆಯ ನೆರಿಗೆಯ ಮರೆಯಲ್ಲಿ ಒಳಗೆ ತಂದೆ. "ಕನ್ನಡ, ಅದೇನ್ರೀ ಕದ್ದು ತರ್ತಿದೀರಾ? ಇಲ್ಲಿ ಕೊಡಿ," ಎಂದರು ಮೇಡಂ.

"ತರಿತರಿ ಮೇಡಂ. ನಿಮಗೆ ಇಷ್ಟ ಆಗಲ್ಲ. ಅಮ್ಮ ನೀರು..."

"ಅಮ್ಮನ ನೀರು ಗೊತ್ತು. ಕೊಡಿ."

ತರಿತರಿಗೆ ಮೊದಲ ಸಲ ಕನ್ನಡಕ ತೆಗೆದರು. ಹೆಬ್ಬೆರಳು ಮೇಲಿನಿಂದ ಕೆಳಕ್ಕೆ ಬಂತು, ಪಕ್ಕಕ್ಕೆ ಸರಿಯಿತು, ಸರಿಯುತ್ತ ಸರಿಯುತ್ತ ಒಂದು ಕಡೆ ನಿಂತಿತು. ಹಿಂದಕ್ಕೆ ಹೋಯಿತು, ಮತ್ತೆ ಬಂತು. ನಮ್ಮ ಕಣ್ಣಿಗೆ ಅಲ್ಲಿ ರವೆಯಂಥ ಕಾಳಲ್ಲದೆ ಏನೂ ಇಲ್ಲ. ಅವರ ಬೆರಳಿಗಿತ್ತು. ಬ್ಯಾಗನ್ನು ಮೇಜಿನ ಮೇಲಿಟ್ಟು ನನ್ನ ಮುಖ ನೋಡಿದರು. ನಾನು ಕಿಟಕಿ ನೋಡಿದೆ.

"ಸಂಜೆ ಬನ್ನಿ," ಎಂದರು, "ಗುಡ್ಡದ ಕೆಳಗೆ ಹೋಗೋಣ."

ಅಂಗಡಿಯವನಿಗೆ ನಮ್ಮನ್ನು ಕಂಡೇ ಎಲ್ಲ ತಿಳಿಯಿತು. ನನ್ನನ್ನು ಒಂದು ಸಲ ದುರುಗುಟ್ಟಿ ನೋಡಿ, ಗೋಣಿತಾಟು ಎತ್ತಿ, ಆರು ಚರ್ಮಗಳನ್ನು ಒಂದರ ಪಕ್ಕ ಒಂದು ಹಾಸಿದ. ಕಲ್ಲು ಸಾಲದೆ ಎರಡನ್ನು ಬಾಗಿಲ ಮೆಟ್ಟಿಲ ಮೇಲೆ ಹಾಕಿದ. ಮೇಡಂ ಕೈಕಟ್ಟಿಕೊಂಡು ನಿಂತು ನೋಡಿದರು. ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

"ಏನಪ್ಪಾ ಇದು," ಎಂದರು ಕೊನೆಗೆ, "ಇಷ್ಟೊಂದು ವರ್ಗಮೂಲ!"

ಹೇಳಿ ನಕ್ಕರು. ನಗುತ್ತಲೇ ಮಂಡಿಯೂರಿ ಕೂತರು. ಒಂದೊಂದರ ಮೇಲೂ ಹೆಬ್ಬೆರಳು ಎಳೆಯುತ್ತ ಓದಿದರು. ಇದು ಉಳುವ ಎತ್ತು. ಇದು ಮೊದಲ ಕರು ಹಾಕಿದ ಕಡಸು, ಪಾಪ. ಇದು ವಯಸ್ಸಾದದ್ದು. ನಾಲ್ಕನೆಯದರ ಮೇಲೆ ಕಣ್ಣೀರು ಬಿತ್ತು. ನನಗೂ ಅಳು ಬಂತು. ನನ್ನ ಬಾಯಿ ಮುಚ್ಚಿಸಿದ್ದರೂ ಮುಖ ಮುಚ್ಚಿಸಲಾಗದ ದೇವರನ್ನು ಬೈದುಕೊಂಡೆ.

"ಇದರಲ್ಲಿ ನಿಮ್ಮದು ಯಾವುದು ಗೊತ್ತಾಯ್ತಾ ಅಕ್ಕಾವ್ರೇ?" ಎಂದು ಅವನು ಮೆಲ್ಲಗೆ ಕೇಳಿದ.

"ಇಲ್ಲಪ್ಪ. ಗೊತ್ತಾಗಲ್ಲ. ಇನ್ಮೇಲೆ ಯಾವತ್ತೂ ಗೊತ್ತಾಗಲ್ಲ." ಸೆರಗಿನಲ್ಲಿ ಮುಖ ಒರೆಸಿಕೊಂಡರು. "ಇಷ್ಟು ವರ್ಷ ನಮ್ಮನೇದು ಒಂದೇ ಅಂದ್ಕೊಂಡಿದ್ದೆ ನೋಡು. ಅಕ್ಕಪಕ್ಕದೋರ ಕೊಟ್ಟಿಗೇಲಿ ಏನಾಯ್ತು ಅಂತ ಒಂದು ದಿನ ಕೇಳಲಿಲ್ಲ. ಎಂಥ ಮೇಷ್ಟ್ರು ನಾನು."

ಆಮೇಲೆ ಎದ್ದು ನಿಂತು, ಮೆಟ್ಟಿಲ ಮೇಲಿದ್ದ ಒಂದು ಚರ್ಮವನ್ನು ತೋರಿಸಿದರು. "ಇದರಲ್ಲಿ ನನಗೊಂದು ಬ್ಯಾಗು ಮಾಡು. ತರಿ ಬೇಡ. ನುಣುಪಾಗೇ ಇರ್ಲಿ. ಈ ಗೀರು ಮುಂದುಗಡೆ, ಮಧ್ಯಕ್ಕೆ ಬರ್ಲಿ."

ಅವನು ಹೌಹಾರಿದ. "ಎಲ್ಲಾದ್ರೂ ಉಂಟಾ ಅಕ್ಕಾವ್ರೇ? ಗೀರು ಕೊಯ್ದು ಬಿಸಾಡೋದು, ಇಲ್ದಿದ್ರೆ ಒಳಮಡಿಕೆಗೆ ಹಾಕೋದು. ಮುಂದೆ ಇಟ್ರೆ ನೋಡಿದೋರು ನನ್ನ ಕೈಗೆ ಏನಂತಾರೆ? ಮರ್ವಾದೆ ಪ್ರಶ್ನೆ."

"ಕೇಳಿದೋರಿಗೆ ನಾನು ಉತ್ತರ ಹೇಳ್ತೀನಿ. ಮಾಡು."

ಅವನು ಗೊಣಗಿಕೊಂಡೇ ಮಾಡಿದ. ಆದರೆ ಅಂಥ ಹೊಲಿಗೆಯನ್ನು ಅವನು ಬೇರೆ ಯಾರಿಗೂ ಹಾಕಲಿಲ್ಲ. ತಿಳಿಕಂದು ಬಣ್ಣ, ಕನ್ನಡಿಯಂಥ ನುಣುಪು, ಮಧ್ಯೆ ಆ ಬಿಳಿಚು ಗೆರೆ. ಅಂದಿನಿಂದ ಮೇಡಂ ಬೇರೆಯವರ ಬ್ಯಾಗು ಮುಟ್ಟುವುದನ್ನು ನಿಲ್ಲಿಸಿದರು. ಡ್ರಾಯಿಂಗು ಮದುವೆಗೆ ಕೊಂಡ ಹೊಸ ಬ್ಯಾಗನ್ನು ತಾನಾಗಿ ಎದುರಿಗೆ ಹಿಡಿದಾಗಲೂ "ಚೆನ್ನಾಗಿದೆ ಕಣ್ರೀ" ಎಂದರು, ಅಷ್ಟೇ. ನಮಗೆಲ್ಲ ಏನೋ ಕಳೆದುಕೊಂಡಂತಾಯಿತು.

ಹಳೆಯ ಬಟ್ಟೆಚೀಲ ಬಿಟ್ಟು ಆ ಬ್ಯಾಗು ಹಿಡಿದು ಅವರು ಶಾಲೆಗೆ ಬಂದ ಮೊದಲ ದಿನದ್ದೊಂದು ಹೇಳಿಬಿಡುತ್ತೇನೆ. ಹೆಡ್ ಮೇಡಂ ಸ್ಟಾಫ್ ರೂಮಿಗೆ ಬಂದಿದ್ದರು. ಹಿಂದಿನ ತಿಂಗಳಷ್ಟೇ ಅವರ ಹೊಸ ಮನೆಯ ಗೃಹಪ್ರವೇಶಕ್ಕೆ ನಾವೆಲ್ಲ ಹೋಗಿ ಹೋಳಿಗೆ ಉಂಡು ಬಂದಿದ್ದೆವು. ಅವರು ಬ್ಯಾಗನ್ನು ನೋಡಿ ನೊಂದುಕೊಂಡರು.

"ಛೇ, ಹೊಸಾ ಬ್ಯಾಗಲ್ವೇನ್ರೀ! ಆಗ್ಲೇ ಗೀರು ಬಿದ್ದಿದೆ. ಎಲ್ಲಿ ತಗುಲಿಸ್ಕೊಂಡ್ರಿ?"

"ಬೇಲಿಗೆ ಮೇಡಂ."

"ಯಾವ ಬೇಲಿ?"

"ನಿಮ್ಮ ಮನೆ ಹಾಲ್ ಇದೆಯಲ್ಲ, ಹೋಳಿಗೆ ಬಡಿಸಿದ್ರಲ್ಲ, ಅಲ್ಲಿತ್ತು."

ಹೆಡ್ ಮೇಡಂ ತಮಾಷೆಯೆಂದುಕೊಂಡು ಜೋರಾಗಿ ನಕ್ಕರು. ಸೈನ್ಸು ನಕ್ಕರು, ಡ್ರಾಯಿಂಗು ನಕ್ಕರು, ಗಣಿತ ಮೇಡಂ ಎಲ್ಲರಿಗಿಂತ ಹೆಚ್ಚಾಗಿ ನಕ್ಕರು. ನಾನು ಕುಂಟು ಕುರ್ಚಿಯನ್ನು ಹಿಡಿದುಕೊಂಡು ಕೂತಿದ್ದೆ. ನಮ್ಮಪ್ಪ ಕಟ್ಟಿಸಿದ ಮನೆ ಅದೇ ರಸ್ತೆಯಲ್ಲಿ, ಅಲ್ಲಿಂದ ಮೂರನೆಯದು.